ಹಳೇ ಸಿಂಗಲ್ ಆ್ಯಕ್ಷನ್ ರಿವಾಲ್ವರ್ ಕೊಳ್ಳುವವರೇ, ಆ ಮೊದಲ ಕ್ಲಿಕ್ ನಂಬಬೇಡಿ

ಹಾಸನ, ಚಿಕ್ಕಮಗಳೂರು ಕಡೆಯವರು ಯಾರಾದರೂ ಸೆಕೆಂಡ್ ಹ್ಯಾಂಡ್ ಸಿಂಗಲ್ ಆ್ಯಕ್ಷನ್ ರಿವಾಲ್ವರ್ ಕೊಳ್ಳುವ ಯೋಚನೆಯಲ್ಲಿದ್ದರೆ ಮೊದಲು ಇದನ್ನು ಪೂರ್ತಿ ಓದಿ, ಆಮೇಲೆ ದುಡ್ಡು ಕೊಡಿ. ನಮ್ಮ ಭಾವ ಒಂದು ಕೊಂಡರು. ಹ್ಯಾಮರ್ ಅಂದರೆ ಹಿಂಬದಿಯ ಕುದುರೆ, ಅದು ಮುಂದಕ್ಕೆ ಬಡಿದಾಗಲೇ ಈಡು ಹಾರುವುದು. ಈ ಮಾದರಿಯಲ್ಲಿ ಅದನ್ನು ಕೈಯಿಂದ ಹಿಂದಕ್ಕೆ ಎಳೆಯುತ್ತಾ ಹೋದರೆ ಕ್ಲಿಕ್ ಕ್ಲಿಕ್ ಅನ್ನುತ್ತದೆ. "ಆರೂ ಕಾಡತೂಸು ತುಂಬಿ ಸಾರ್, ಹ್ಯಾಮರ್ ಮೊದಲ ಕ್ಲಿಕ್‌ಗೆ ನಿಲ್ಲಿಸಿದರೆ ಸೇಫ್ಟಿ ಹಾಕಿದ ಹಾಗೇ" ಅಂತ ಅಂಗಡಿಯವನು ಹೇಳಿಕೊಟ್ಟ. ಸೊಂಟದೆತ್ತರದಿಂದ ರಿವಾಲ್ವರ್ ಒಂದು ಸಲ ಬಿದ್ದಿದ್ದಕ್ಕೇ ಆ ಸೇಫ್ಟಿ ಮುರಿದು ಈಡು ಹಾರಿತು. ಯಾರಿಗೂ ಏನೂ ಆಗಲಿಲ್ಲ. ಅಂಗಡಿಯ ಹೆಸರಾಗಲಿ ಊರಾಗಲಿ ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ. ಏನು ನೋಡಿ ಕೊಳ್ಳಬೇಕು ಅನ್ನುವುದು ಗೊತ್ತಾದರೆ ಸಾಕಲ್ವಾ?

ಭಾವನ ತೋಟ ಇರುವುದು ಮೂಡಿಗೆರೆ ಕಡೆ. ಬೆಳೆ ರಕ್ಷಣೆಗೆ ಅಂತ ಅವರ ತಂದೆ ಕಾಲದ ಜೋಡು ನಳಿಗೆ ಕೋವಿ ಮನೆಯಲ್ಲಿದೆ. ಆದರೆ ಭಾವನಿಗೆ ಬಲಗಡೆ ಭುಜ ನೋವು. ಹನ್ನೆರಡು ಬೋರ್ ಕೋವಿಯ ಒದೆತ ಈಗ ತಡೆಯುವುದಿಲ್ಲ. ಶೂಟಿಂಗ್ ಚಟ ಮಾತ್ರ ಬಿಟ್ಟಿಲ್ಲ. ಡಿಸಿ ಆಫೀಸು, ಪೊಲೀಸ್ ರಿಪೋರ್ಟು ಅಂತ ಅಲೆದು ಅಲೆದು ರಿವಾಲ್ವರ್‌ಗೂ ಲೈಸೆನ್ಸ್ ಮಾಡಿಸಿಕೊಂಡರು. ಭಾನುವಾರ ರೈಫಲ್ ಕ್ಲಬ್ ರೇಂಜ್‌ಗೆ ಹೋಗಿ ಆರಾಮಾಗಿ ನಾಲ್ಕು ಈಡು ಹೊಡೆದು ಬರೋಣ ಅನ್ನುವುದಷ್ಟೇ ಆಸೆ.

ಮೊದಲು ಗೆಳೆಯರೊಬ್ಬರ ಪಾಯಿಂಟ್ 32 (ಇಂಚಿನಲ್ಲಿ ನಳಿಗೆಯ ಅಳತೆ, ಅಂದರೆ ಬೋರ್) ಸರ್ಕಾರಿ ಫ್ಯಾಕ್ಟರಿ ರಿವಾಲ್ವರ್ ಹಿಡಿದು ನೋಡಿದ್ದರು. ಅದು ಡಬಲ್ ಆ್ಯಕ್ಷನ್. ಟ್ರಿಗರ್ ಎಳೆದರೆ ಹ್ಯಾಮರ್ ಏಳುವುದೂ ಅದರಿಂದಲೇ, ಬೀಳುವುದೂ ಅದರಿಂದಲೇ, ಹಾಗಾಗಿ ಎಳೆತ ಉದ್ದ, ಬೆರಳಿಗೆ ಭಾರ. ಸಿಂಗಲ್ ಆ್ಯಕ್ಷನ್‌ನಲ್ಲಿ ಪ್ರತಿ ಈಡಿಗೂ ಹ್ಯಾಮರನ್ನು ಹೆಬ್ಬೆರಳಲ್ಲಿ ನಾವೇ ಹಿಂದಕ್ಕೆ ಎಳೆಯಬೇಕು. ಟ್ರಿಗರ್‌ಗೆ ಬಿಡುವ ಕೆಲಸ ಮಾತ್ರ, ಆದ್ದರಿಂದ ಅದು ತುಂಬಾ ಹಗುರ. ಇದರ ಮೂಲ ಮಾದರಿ 1873ರ ಕೋಲ್ಟ್. ನೇಗಿಲ ಮೇಳಿಯ ಹಾಗೆ ಬಾಗಿದ ಹಿಡಿ. ಈಡು ಹೊಡೆದಾಗ ಒದೆತವೆಲ್ಲ ಅಂಗೈಗೆ ಗುದ್ದುವ ಬದಲು ಹಿಡಿ ಕೈಯೊಳಗೇ ಸ್ವಲ್ಪ ಮೇಲಕ್ಕೆ ಉರುಳುತ್ತದೆ, ಹ್ಯಾಮರ್ ತಾನಾಗೇ ಹೆಬ್ಬೆರಳ ಹತ್ತಿರ ಬರುತ್ತದೆ. ತೂಕ ಹೆಚ್ಚುಕಮ್ಮಿ ಒಂದು ಕೇಜಿ. ಅಷ್ಟು ತೂಕದ ರಿವಾಲ್ವರ್‌ನಲ್ಲಿ ಪಾಯಿಂಟ್ 22 ಹೊಡೆದರೆ ಒದೆತ ಇದೆ ಅಂತಲೇ ಅನ್ನಿಸುವುದಿಲ್ಲ. ಒಂದೊಂದೇ ಕಾಡತೂಸು ತುಂಬಿ ಒಂದೊಂದೇ ತೆಗೆಯಬೇಕು, ನಿಧಾನ. ಆದರೆ ಖುಷಿಗೆ ಹೊಡೆಯುವವರಿಗೆ ಆ ನಿಧಾನವೇ ಒಳ್ಳೆಯದು, ಲೈಸೆನ್ಸ್‌ನಲ್ಲಿ ಬರೆದಿರುವ ಕಾಡತೂಸಿನ ಕೋಟಾ ಬೇಗ ಖಾಲಿಯಾಗುವುದಿಲ್ಲ. ಅಂದರೆ ಭಾವ ಬಯಸಿದ್ದರಲ್ಲಿ ತಪ್ಪೇನಿಲ್ಲ. ಭುಜ ನೋವು, ಮಣಿಕಟ್ಟು ನೋವು ಇರುವವರಿಗೆ ನಾನೂ ಇದನ್ನೇ ಹೇಳುತ್ತೇನೆ.

ತೊಂದರೆ ಇರುವುದು ಮಾರುವ ಕಡೆ. ವಿದೇಶಿ ಬಂದೂಕುಗಳನ್ನು ಸಾಮಾನ್ಯ ಜನ ತರಿಸಿಕೊಳ್ಳುವುದು ಎಂಬತ್ತರ ದಶಕದ ನಡುವಿಗೇ ಹೆಚ್ಚುಕಮ್ಮಿ ನಿಂತುಹೋಯಿತು. ಇಂಥ ರಿವಾಲ್ವರ್‌ಗಳು ನಮ್ಮಲ್ಲಿ ಇರುವುದು ಬಹುಪಾಲು ಅದಕ್ಕೂ ಹಿಂದಿನವು. ಹಳೇ ಪ್ಲಾಂಟರ್ ತೀರಿಕೊಂಡರು, ಮಕ್ಕಳು ಬೆಂಗಳೂರಲ್ಲಿದ್ದಾರೆ, ಬೇಡ ಅಂತ ಅಂಗಡಿಗೆ ಕೊಟ್ಟರು, ಹೀಗೆ ಕೈಯಿಂದ ಕೈಗೆ ಬರುತ್ತವೆ. ಅದರಲ್ಲೂ ಪಾಯಿಂಟ್ 38, ಪಾಯಿಂಟ್ 455, 9 ಎಂಎಂ ಇವೆಲ್ಲ ಪ್ರೊಹಿಬಿಟೆಡ್ ಬೋರ್, ನಮ್ಮ ನಿಮ್ಮಂಥವರಿಗೆ ಸಿಗುವುದಿಲ್ಲ. ಉಳಿದ ಪಾಯಿಂಟ್ 22, ಪಾಯಿಂಟ್ 32ರಲ್ಲಿ ಒಂದು ಅಂದವಾದ ಫಾರಿನ್ ಮಾಲು ಬಂತು ಅಂದರೆ ಅಂಗಡಿಯವನು ಹೇಳಿದ್ದೇ ರೇಟು, ಹೇಳಿದ್ದೇ ಮಾತು.

ಭಾವನಿಗೆ ತೋರಿಸಿದ್ದು ಜರ್ಮನಿಯಲ್ಲಿ ತಯಾರಾದ ಕೋಲ್ಟ್ ಮಾದರಿಯ ಪಾಯಿಂಟ್ 22. ಕಂಪನಿ ಹೆಸರು ಬೇಡ, ಬಿಡಿ. ಹಸಿರು ಬಟ್ಟೆ ಹಾಸಿದ ಪೆಟ್ಟಿಗೆ, ಹೊಸದಾಗಿ ಎಣ್ಣೆ ಹಚ್ಚಿದ ವಾಸನೆ, ಕಂದು ಮರದ ಹಿಡಿ. ಅವನು ಹ್ಯಾಮರನ್ನು ನಿಧಾನಕ್ಕೆ ಎಳೆದ. ಟಿಕ್, ಟಿಕ್, ಟಿಕ್, ಟಿಕ್. "ನಾಲ್ಕು ಕ್ಲಿಕ್ ಕೇಳಿದ್ರಾ ಸಾರ್? ಮೊದಲನೇದು ಸೇಫ್ಟಿ. ಎರಡನೇದು ತುಂಬೋಕೆ. ಕೌಬಾಯ್‌ಗಳು ಆರೂ ತುಂಬಿ ಹಿಂಗೇ ಸೊಂಟಕ್ಕೆ ಕಟ್ಕೊಂಡು ಕುದುರೆ ಓಡಿಸ್ತಿದ್ರು." ಭಾವ ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ಆಗಲೇ ಖರೀದಿ ಮುಗಿದಿತ್ತು. ಕಾಗದಪತ್ರ ಎಲ್ಲ ಸರಿಯಿತ್ತು, ಲೈಸೆನ್ಸ್ ಪುಸ್ತಕದಲ್ಲಿ ನಂಬರ್ ಏರಿತು, ಮನೆಗೆ ಬಂತು.

ಒಂದಷ್ಟು ಭಾನುವಾರ ಖುಷಿಯಾಗೇ ಕಳೆದವು. ಆಮೇಲೆ ಒಂದು ದಿನ ರೇಂಜ್‌ನಲ್ಲಿ ಟಾರ್ಗೆಟ್ ಬದಲಿಸಬೇಕು ಅಂತ ಫೈರಿಂಗ್ ನಿಲ್ಲಿಸಲು ಕೂಗಿದರು. ಬೇರೆ ರಿವಾಲ್ವರ್ ಆದರೆ ಕಾಡತೂಸು ತುಂಬುವ ಸಿಲಿಂಡರ್ ಪಕ್ಕಕ್ಕೆ ತೆಗೆದು ಎಲ್ಲ ಒಟ್ಟಿಗೆ ಸುರಿಯಬಹುದು. ಇದರಲ್ಲಿ ಪಕ್ಕದ ಗೇಟ್ ತೆಗೆದು ಸಿಲಿಂಡರ್ ತಿರುಗಿಸುತ್ತಾ ಒಂದೊಂದೇ ತಳ್ಳಬೇಕು. ಭಾವ ಅಂಗಡಿಯವನ ಪಾಠದಂತೆ ಹ್ಯಾಮರ್ ಮೊದಲ ಕ್ಲಿಕ್‌ಗೆ ತಂದು ಮುಂದಿನ ಹಲಗೆ ಮೇಲಿಟ್ಟರು. ಖಾಲಿ ಮಾಡದೆ ಇಡಬಾರದಿತ್ತು ಅನ್ನುವವರು ಇರುತ್ತೀರಿ, ಒಪ್ಪಿದೆ, ಅದು ರೇಂಜ್ ನಿಯಮವೇ. ಆದರೆ ಸೇಫ್ಟಿ ಇದೆ ಅಂತ ನಂಬಿಸಿದ್ದರೆ ಮನುಷ್ಯ ಹಾಗೆ ಮಾಡುತ್ತಾನೆ. ಹಲಗೆ ಸ್ವಲ್ಪ ಇಳಿಜಾರಿತ್ತು. ಜಾರಿತು. ಹ್ಯಾಮರ್ ತುದಿ ಕೆಳಗಾಗಿ ಸಿಮೆಂಟಿಗೆ ಬಡಿಯಿತು, ಆ ಸದ್ದಿನ ಜೊತೆಗೇ ಈಡಿನ ಸದ್ದು. ಪಕ್ಕದ ಮರಳು ಮೂಟೆಯಲ್ಲಿ ಬೆರಳೂ ಹೋಗದಷ್ಟು ಸಣ್ಣ ತೂತು, ಅದರಿಂದ ಮರಳು ಎಳೆಯಾಗಿ ಸುರಿಯುತ್ತಿತ್ತು. ಆ ಮೂಟೆಗೂ ಒಬ್ಬ ಹುಡುಗನ ಕಾಲಿಗೂ ಎರಡು ಗೇಣು ಅಂತರ. ಭಾವನ ಕೈ ನಡುಗುವುದು ನಿಲ್ಲುವವರೆಗೆ ಯಾರೂ ಮಾತಾಡಲಿಲ್ಲ.

ರೇಂಜ್ ನೋಡಿಕೊಳ್ಳುವವರು ಮಿಲಿಟರಿಯಿಂದ ನಿವೃತ್ತಿಯಾದ ಹವಾಲ್ದಾರ್. ಅವರು ಎಲ್ಲ ಕಾಡತೂಸು ತೆಗೆದು, ಹ್ಯಾಮರನ್ನು ಕಿವಿ ಹತ್ತಿರ ಇಟ್ಟುಕೊಂಡು ಎಳೆದರು. ಟಿಕ್, ಟಿಕ್, ಟಿಕ್. ನಾಲ್ಕಿದ್ದದ್ದು ಮೂರಾಗಿತ್ತು. "ಇದರಲ್ಲಿ ಸೇಫ್ಟಿ ಅಂತ ಇರೋದು ಹ್ಯಾಮರ್‌ನಲ್ಲಿ ಒಂದು ಸಣ್ಣ ಕಚ್ಚು. ಟ್ರಿಗರ್‌ನ ತೆಳ್ಳಗಿನ ತುದಿ ಅದರೊಳಗೆ ಕೂತಿರುತ್ತೆ. ಹ್ಯಾಮರ್ ಮೇಲೆ ಜೋರಾಗಿ ಪೆಟ್ಟು ಬಿದ್ದರೆ ಒಂದೋ ಕಚ್ಚು ಮುರಿಯುತ್ತೆ, ಇಲ್ಲ ಆ ತುದಿ ಮುರಿಯುತ್ತೆ. ಕಾಡತೂಸಿಗೆ ಬಡಿಯೋ ಫೈರಿಂಗ್ ಪಿನ್ ಸೀದಾ ಅದಕ್ಕೆ ಹೊಡೆಯುತ್ತೆ" ಅಂದರು. ಹಳೇ ಕೋಲ್ಟ್ ಮಾದರಿ ಬಹುಪಾಲಿನ ಕಥೆಯೂ ಇದೇ. ಕೌಬಾಯ್ ಕಥೆ ಹೇಳಿದನಲ್ಲ ಅಂಗಡಿಯವನು, ಅದು ತಲೆಕೆಳಗು. ಈ ಮಾದರಿ ಬಲ್ಲವರು ತುಂಬುವುದು ಐದೇ. ಒಂದು ತುಂಬಿ, ಒಂದು ಮನೆ (ಸಿಲಿಂಡರ್‌ನಲ್ಲಿ ಕಾಡತೂಸು ಕೂರುವ ತೂತು) ಬಿಟ್ಟು, ಮುಂದಿನ ನಾಲ್ಕು ತುಂಬಿ, ಹ್ಯಾಮರ್ ಪೂರ್ತಿ ಎಳೆದು, ಹಿಡಿದುಕೊಂಡೇ ನಿಧಾನಕ್ಕೆ ಇಳಿಸಿದರೆ ಅದು ಖಾಲಿ ಮನೆ ಮೇಲೆ ಕೂರುತ್ತದೆ. ಆಗ ಬಿದ್ದರೂ ಹೊಡೆಯಲು ಅಲ್ಲಿ ಏನೂ ಇರುವುದಿಲ್ಲ.

ಈ ತೊಂದರೆ ಜಗತ್ತಿಗೇ ಗೊತ್ತಿರುವ ವಿಷಯ. ಅಮೆರಿಕದ ರೂಗರ್ ಕಂಪನಿ 1973ರಲ್ಲಿ ತನ್ನ ಸಿಂಗಲ್ ಆ್ಯಕ್ಷನ್‌ಗಳ ಒಳಗನ್ನೇ ಬದಲಿಸಿ ಟ್ರಾನ್ಸ್‌ಫರ್ ಬಾರ್ ಹಾಕಿತು. ಟ್ರಿಗರ್ ಎಳೆದು ಹಿಡಿದಾಗ ಮಾತ್ರ ಹ್ಯಾಮರ್‌ಗೂ ಪಿನ್‌ಗೂ ನಡುವೆ ಒಂದು ಪಟ್ಟಿ ಮೇಲೆ ಬರುತ್ತದೆ. ಅದು ಬರದಿದ್ದರೆ ಹ್ಯಾಮರ್ ಪಿನ್ನನ್ನು ಮುಟ್ಟುವುದೇ ಇಲ್ಲ. ಅದರಲ್ಲಿ ಆರೂ ತುಂಬಬಹುದು. ಹೊರಗಿಂದಲೇ ಗುರುತು ಹಿಡಿಯಬೇಕಾ? ರೂಗರ್ ಆದರೆ ಫ್ರೇಮಿನ ಪಕ್ಕ ನೋಡಿ. ಮೂರು ಸ್ಕ್ರೂ ತಲೆ ಕಂಡರೆ ಹಳೇದು, ಸ್ಕ್ರೂ ಬದಲು ಎರಡು ಪಿನ್ ತಲೆ ಕಂಡರೆ ಹೊಸದು. ಹಳೇದಕ್ಕೆ ಕಂಪನಿಯೇ ಪುಕ್ಕಟೆ ಸೇಫ್ಟಿ ಕೂರಿಸಿಕೊಡುತ್ತದೆ, 1982ರಿಂದ ಆ ವ್ಯವಸ್ಥೆ ಇದೆ. ಆದರೆ ಮೂಡಿಗೆರೆಯಿಂದ ರಿವಾಲ್ವರನ್ನು ಪಾರ್ಸೆಲ್ ಮಾಡಿ ಅಮೆರಿಕಕ್ಕೆ ಕಳಿಸುವವರು ಯಾರು? ಆದ್ದರಿಂದ ನಮ್ಮಲ್ಲಿ ಕೊಳ್ಳುವಾಗಲೇ ನೋಡಿ ಕೊಳ್ಳಬೇಕು.

ಅಂಗಡಿಗೆ ಹೋದೆವು. "ನೀವು ಬೀಳಿಸಿದ್ದಕ್ಕೆ ನಾನೇನು ಮಾಡ್ಲಿ?" ಅಂದ. ಸ್ಪೇರ್ ಹ್ಯಾಮರ್ ಇಲ್ಲ, ತರಿಸಲೂ ಆಗಲ್ಲ. ಬೇಕಾದರೆ ಬೆಸುಗೆ ಹಾಕಿ ಅರ ಹಿಡಿದು ಕಚ್ಚು ಮಾಡಿಕೊಡುತ್ತೇನೆ ಅಂದ. ದಯವಿಟ್ಟು ಇದಕ್ಕೆ ಯಾವತ್ತೂ ಒಪ್ಪಬೇಡಿ. ಬೆಸುಗೆಯ ಬಿಸಿಗೆ ಗಟ್ಟಿ ಉಕ್ಕು ಮೆತ್ತಗಾಗುತ್ತದೆ, ಅರ ಹಿಡಿದ ಕಚ್ಚು ಯಾವಾಗ ಜಾರುತ್ತದೋ ಹೇಳಲಾಗುವುದಿಲ್ಲ.

ಸರಿ, ವಾಪಸ್ ತಗೋ ಅಂದರೆ? ಅದು ಮಿಕ್ಸಿ ಅಲ್ಲವಲ್ಲ. ಲೈಸೆನ್ಸ್‌ನಲ್ಲಿ ನಂಬರ್ ಏರಿದ ಮೇಲೆ ವಾಪಸ್ ಕೊಡುವುದೂ ಹೊಸದಾಗಿ ಒಂದು ಮಾರಾಟವೇ. ಅರ್ಜಿ, ಅನುಮತಿ, ಪುಸ್ತಕದಲ್ಲಿ ತಿದ್ದುಪಡಿ, ಎಲ್ಲ ಮತ್ತೆ ಮೊದಲಿಂದ. ಇನ್ನೂ ಒಂದು ಗಂಟಿದೆ, ಇದನ್ನು ತುಂಬಾ ಜನ ಯೋಚಿಸುವುದಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಭಾವನಿಗೆ ತಂದೆಯ ಕೋವಿ ಒಂದು, ಈ ಕೆಟ್ಟ ರಿವಾಲ್ವರ್ ಒಂದು. ಲೆಕ್ಕ ಮುಗಿಯಿತು. ಇದು ಕೈಬಿಡುವವರೆಗೆ ಒಳ್ಳೆಯದೊಂದು ಸಿಕ್ಕರೂ ಕೊಳ್ಳುವ ಹಾಗಿಲ್ಲ. ಇಷ್ಟಾದರೂ ಚುನಾವಣೆ ಬಂದು ಆದೇಶವಾದಾಗ ಅದನ್ನೂ ಹೊತ್ತುಕೊಂಡು ಸ್ಟೇಷನ್‌ಗೆ ಹೋಗಿ ಡೆಪಾಸಿಟ್ ಮಾಡಿ ಬರಬೇಕು, ಅದು ಬೇರೆ ಕಿರಿಕಿರಿ.

ಕೊಳ್ಳುವವರು ಅಂಗಡಿಯಲ್ಲೇ ಏನು ನೋಡಬೇಕು ಅಂತ ಹವಾಲ್ದಾರ್ ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಮೊದಲು ಗೇಟ್ ತೆಗೆದು ಆರೂ ಮನೆ ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ. ಆಮೇಲೆ ಹ್ಯಾಮರ್ ಪೂರ್ತಿ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹೆಬ್ಬೆರಳಲ್ಲಿ ಹ್ಯಾಮರನ್ನು ಹಿಂದಿನಿಂದ ಮುಂದಕ್ಕೆ ಒತ್ತಿ. ಬಿದ್ದರೆ ಅಲ್ಲೇ ಇಟ್ಟು ಎದ್ದು ಬನ್ನಿ. ಮೊದಲ ಕ್ಲಿಕ್‌ನಲ್ಲೂ ಹೀಗೇ ಒತ್ತಿ ನೋಡಿ, ನಿಂತರೂ ಅದನ್ನು ಸೇಫ್ಟಿ ಅಂತ ನಂಬಬೇಡಿ. ಹ್ಯಾಮರ್ ಎಳೆದಿರುವಾಗ ಸಿಲಿಂಡರ್ ಅಲ್ಲಾಡಿಸಿ. ಕೂದಲೆಳೆಯಷ್ಟು ಅಲುಗಾಟ ಪರವಾಗಿಲ್ಲ, ಲಟಲಟ ಅಂದರೆ ಮನೆಯೂ ನಳಿಗೆಯೂ ನೇರ ಕೂರುವುದಿಲ್ಲ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ, ಜೊತೆಗೆ ನಿಂತವರ ಕೆನ್ನೆಗೆ. ಪಾಯಿಂಟ್ 22 ಆದರೆ ಟಾರ್ಚ್ ಹಾಕಿ ಸಿಲಿಂಡರ್ ಮನೆಗಳ ಅಂಚು ನೋಡಿ. ಖಾಲಿ ಹೊಡೆದು ಹೊಡೆದು ಪಿನ್ ಅಂಚಿಗೆ ಬಡಿದು ತಗ್ಗು ಬಿದ್ದಿದ್ದರೆ ಕಾಡತೂಸು ಸಲೀಸಾಗಿ ಕೂರುವುದಿಲ್ಲ, ಕೆಲವು ಸಲ ಹೊಡೆಯುವುದೂ ಇಲ್ಲ. ಕೆಲವು ಮಾಡೆಲ್‌ಗೆ ಇನ್ನೂ ದಪ್ಪ, ಉದ್ದದ ಕಾಡತೂಸಿಗೆ ಅಂತ ಮ್ಯಾಗ್ನಂ ಸಿಲಿಂಡರ್ ಬೇರೆ ಇರುತ್ತದೆ. ಅದರಲ್ಲಿ ಮಾಮೂಲಿ ಎಲ್ಆರ್ (ಲಾಂಗ್ ರೈಫಲ್) ಕಾಡತೂಸು ಸಡಿಲ, ಹೊಡೆದರೆ ಸೀಳಿಹೋಗುತ್ತದೆ. ಯಾವ ಸಿಲಿಂಡರ್ ಇದೆ ಅಂತ ಕೇಳಿಯೇ ಮುಂದುವರಿಯಿರಿ.

ಆರಾಮದ ವಿಚಾರ ಹಿಡಿದ ತಕ್ಷಣ ಗೊತ್ತಾಗುವುದಿಲ್ಲ. ಕೈ ಚಾಚಿ, ಒಂದೇ ಕೈಯಲ್ಲಿ ಹಿಡಿದು, ಹಿಡಿತ ಬದಲಿಸದೆ ಹೆಬ್ಬೆರಳು ಹ್ಯಾಮರ್‌ಗೆ ಸಿಗುತ್ತದಾ ನೋಡಿ. ದೊಡ್ಡ ಕೈಯವರಿಗೆ ಕಿರುಬೆರಳು ಹಿಡಿಯ ಕೆಳಗೆ ಹೋಗುತ್ತದೆ, ಅದು ಮಾಮೂಲು. ನಳಿಗೆ ಉದ್ದ ಇದ್ದಷ್ಟೂ ಗುರಿಗೆ ಒಳ್ಳೆಯದು, ಆದರೆ ಮೂತಿ ಭಾರವಾಗಿ ಮಣಿಕಟ್ಟು ಬೇಗ ಸೋಲುತ್ತದೆ. ಗುರಿ ಹಿಡಿಯುವ ಹಿಂದಿನ ಸೈಟ್ ತಿರುಗಿಸಿ ಸರಿಮಾಡುವಂಥದ್ದು ಸಿಕ್ಕರೆ ಅದನ್ನೇ ಆರಿಸಿ. ಸೈಟ್ ಅಂತ ಫ್ರೇಮಿನಲ್ಲೇ ಕೊರೆದ ಸೀಳು ಇದ್ದರೆ, ಗುಂಡು ಎಡಕ್ಕೆ ಹೋಗುತ್ತಿದೆ ಅಂತ ಗೊತ್ತಾದಮೇಲೆ ಮಾಡುವುದೇನೂ ಇಲ್ಲ.

ಹಾಂ, ತೋಟದಲ್ಲೇ ಡಬ್ಬ ಇಟ್ಟು ಹೊಡೆದರಾಯ್ತು, ರೇಂಜ್ ಯಾಕೆ ಅನ್ನುವವರಿಗೆ: ಆತ್ಮರಕ್ಷಣೆ ಲೈಸೆನ್ಸ್ ಕೊಟ್ಟಿರುವುದು ಅದಕ್ಕಲ್ಲ. ಜನರ ಜೀವಕ್ಕೆ ಅಪಾಯವಾಗುವಂತೆ ಬೇಕಾಬಿಟ್ಟಿ ಹೊಡೆದರೆ, ಮದುವೆ ಮುಂಜಿ ಅಂತ ಸಂಭ್ರಮಕ್ಕೆ ಹೊಡೆದರೆ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಪಾಯಿಂಟ್ 22 ಗುಂಡು ಆಟದ ಸಾಮಾನು ಥರ ಕಾಣುತ್ತದೆ, ಹೋಗುವ ದೂರ ಮಾತ್ರ ಕಿಲೋಮೀಟರ್ ದಾಟುತ್ತದೆ. ಕಾಫಿ ಗಿಡದ ಆಚೆ ಆಳುಗಳು ಇರುತ್ತಾರೆ.

ಭಾವನ ರಿವಾಲ್ವರ್ ಈಗ ಬೀರುವಿನಲ್ಲಿದೆ, ವಿಲೇವಾರಿಗೆ ಅರ್ಜಿ ಡಿಸಿ ಆಫೀಸಿನಲ್ಲಿದೆ. ಇದನ್ನು ಬರೆಯುವ ಮನಸ್ಸಾಗಿದ್ದು ಸಕಲೇಶಪುರದ ಗೆಳೆಯರೊಬ್ಬರು ಫೋನ್ ಮಾಡಿದ ಮೇಲೆ. ಅದೇ ಅಂಗಡಿ, ಇನ್ನೊಂದು ಕೋಲ್ಟ್ ಮಾದರಿ, ಅದೇ ನಾಲ್ಕು ಕ್ಲಿಕ್, ಅದೇ ಕೌಬಾಯ್. ಹ್ಯಾಮರ್ ಎಳೆದು ಹೆಬ್ಬೆರಳಲ್ಲಿ ಒತ್ತಿ ನೋಡಿ ಅಂದೆ. ಅವರು ಒತ್ತೋಕೆ ಹೋದರೆ ಅಂಗಡಿಯವನು ಕೈಯಿಂದ ಕಿತ್ತುಕೊಂಡು "ಹಂಗೆಲ್ಲ ಒತ್ತಬಾರದು ಸಾರ್, ಫಿನಿಷಿಂಗ್ ಹೋಗುತ್ತೆ" ಅಂದನಂತೆ. ಗೆಳೆಯರು ಅಡ್ವಾನ್ಸ್ ಕೊಡದೆ ಬಸ್ ಹತ್ತಿದರು.