ತಡಿಯಂಡಮೋಳ್ ಹತ್ತೋರು ಗಮನಿಸಿ: ‘ಪರ್ಮಿಟ್ ನಾವೇ ಮಾಡಿಸ್ತೇವೆ’ ಅನ್ನೋರಿಗೆ ದುಡ್ಡು ಕಳಿಸಬೇಡಿ

ದಯವಿಟ್ಟು ಪೂರ್ತಿ ಓದಿ. ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತೋಕೆ ಅಂತ 6 ಜನಕ್ಕೆ ತಲಾ 1,500ರಂತೆ 9,000 ರೂಪಾಯಿ ಹೋಯ್ತು. ದುಡ್ಡಿಗಿಂತ ಹೆಚ್ಚಾಗಿ, ಕೊಡಗಿನವನೇ ಆಗಿ ಮೈಸೂರಿಂದ ಬಂದ ನೆಂಟರನ್ನ ಚೆಕ್‌ಪೋಸ್ಟ್ ಎದುರು ನಿಲ್ಲಿಸಿದೆನಲ್ಲ, ಆ ನಾಚಿಕೆ ಇನ್ನೂ ಹೋಗಿಲ್ಲ.

ವಾಟ್ಸಾಪ್‌ನಲ್ಲಿ ಸಿಕ್ಕಿದವನು. ಜೀಪು, ಗೈಡು, ಅರಣ್ಯ ಇಲಾಖೆಯ ಪರ್ಮಿಟ್ಟು ಎಲ್ಲಾ ಸೇರಿ ಅಂದ. ಸಂಜೆಯೊಳಗೆ ಪಿಡಿಎಫ್ ಬಂತು. ಇಲಾಖೆ ಲಾಂಛನ, ಕ್ಯೂಆರ್ ಕೋಡು, ಎಲ್ಲಾ ಇತ್ತು. ಕಕ್ಕಬ್ಬೆಯಿಂದ ಜೀಪು, ನಾಲ್ಕುನಾಡು ಅರಮನೆ ದಾಟಿ ಮೇಲೆ ಚೆಕ್‌ಪೋಸ್ಟ್. ಅಲ್ಲಿ ಗಾರ್ಡ್ ಸ್ಕ್ಯಾನ್ ಮಾಡಿದ್ರೆ ಬಂದದ್ದು ಬೇರೆ ಯಾರದ್ದೋ ಹೆಸರು, ಬೇರೆ ತಾರೀಖು. ಆಗ ಝೂಮ್ ಮಾಡಿ ನೋಡ್ದೆ. ನನ್ನ ಹೆಸರಿನ ಅಕ್ಷರ ಉಳಿದದ್ದಕ್ಕಿಂತ ದಪ್ಪ, ತಾರೀಖಿನ ಸಾಲು ಕೂದಲೆಳೆಯಷ್ಟು ಕೆಳಗೆ. ಯಾರದ್ದೋ ಹಳೇ ಪರ್ಮಿಟ್ ಟಿಕೆಟ್ ಮೇಲೆ ನಮ್ಮ ಹೆಸರು ಅಂಟಿಸಿದ್ದಾನೆ.

ಫೋನ್ ಮಾಡಿದೆ. ಮೊದಲು, “ಅಲ್ಲಿ ನೆಟ್‌ವರ್ಕ್ ಇಲ್ಲ ಅಣ್ಣ, ಅದಕ್ಕೇ ಸ್ಕ್ಯಾನ್ ಆಗಲ್ಲ.” ಸ್ಕ್ಯಾನ್ ಆಗಿದೆ ಮಾರಾಯ, ಬೇರೆಯವರ ಹೆಸರು ಬಂದಿದೆ ಅಂದೆ. “ಗಾರ್ಡ್‌ಗೆ ಫೋನ್ ಕೊಡಿ, ನಮ್ಮೋರೇ.” ಗಾರ್ಡ್ ಫೋನ್ ಮುಟ್ಟಲೂ ಇಲ್ಲ. ಆಮೇಲೆ, “ಪರ್ಮಿಟ್ ದುಡ್ಡು ಕಟ್ಟಾಗಿದೆ, ವಾಪಸ್ ಬರಲ್ಲ.” ಯಾವ ಪರ್ಮಿಟ್ಟು? ಕೊನೆಗೆ ಅವನು ಹೇಳಿದ್ದು ಕೇಳಿ ಮೈ ಉರಿದು ಹೋಯ್ತು: “ಹಾಗಾದ್ರೆ ಕೆಳಗಿನ ತೋಟದಿಂದ ಒಳದಾರಿ ಇದೆ, ಹುಡುಗನ್ನ ಕಳಿಸ್ತೇನೆ.”

ಅದು ಮೀಸಲು ಅರಣ್ಯ. ಅನುಮತಿ ಇಲ್ಲದೆ ನುಗ್ಗಿದ್ರೆ ಕರ್ನಾಟಕ ಅರಣ್ಯ ಕಾಯ್ದೆ 1963ರ ಕೇಸು ಬೀಳೋದು ನಮ್ಮ ಮೇಲೆ. ತೋಟದ ಅಂಚಿನಲ್ಲಿ ಆನೆ ಎದುರಾದ್ರೆ ಯಾರು ಹೊಣೆ? ಮಕ್ಕಳಿದ್ದರು ನಮ್ಮ ಜೊತೆ.

ಈಗ ಯೋಚಿಸಿದ್ರೆ ಮೊದಲೇ ಗೊತ್ತಾಗಬೇಕಿತ್ತು. ಅವನು ಒಬ್ಬರ ಐಡಿಯನ್ನೂ ಕೇಳಲಿಲ್ಲ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಬುಕ್ ಮಾಡುವಾಗ ಮೊಬೈಲ್‌ಗೆ ಒಟಿಪಿ ಬರ್ತದೆ, ಹೋಗುವವರ ಹೆಸರು, ಐಡಿ ವಿವರ ಕೊಡಬೇಕು. ಐಡಿ ಕೇಳದವನು ನಿಮ್ಮ ಹೆಸರಲ್ಲಿ ಟಿಕೆಟ್ ಮಾಡೋದಾದ್ರೂ ಹೇಗೆ? ಇನ್ನೊಂದು, “ಬೇಕಿದ್ರೆ ರಾತ್ರಿ ಮೇಲೇ ಟೆಂಟ್ ಹಾಕೋಣ” ಅಂದಿದ್ದ. ತಡಿಯಂಡಮೋಳ್ ಮೇಲೆ ರಾತ್ರಿ ತಂಗೋದಕ್ಕೆ ಬಿಡಲ್ಲ. ಬೇಸಿಗೆಯಲ್ಲಿ ಆ ಒಣ ಹುಲ್ಲಿಗೆ ಒಂದು ಕಿಡಿ ಬಿದ್ರೆ ಗುಡ್ಡವೇ ಹೊತ್ತಿಕೊಳ್ತದೆ, ಕೆಳಗಿನ ಕಣಿವೆಯ ಶೋಲಾ ಅನ್ನೋ ದಟ್ಟ ಕಾಡಿನ ಅಂಚೂ ಸುಡ್ತದೆ. ಟೆಂಟು ಅಂದಾಗಲೇ ಫೋನ್ ಇಡಬೇಕಿತ್ತು ನಾನು. ಇಡಲಿಲ್ಲ.

ಜೀಪು, ಊಟ ಯಾರ ಹತ್ರ ಬೇಕಾದ್ರೂ ಮಾತಾಡಿ. ಟಿಕೆಟ್ ಮಾತ್ರ ನಿಮ್ಮ ಮೊಬೈಲ್ ನಂಬರಿನಿಂದಲೇ ಮಾಡಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರದ್ದು ಬೇಗ ಮುಗೀತದೆ. ಸಿಗದಿದ್ರೆ ಬೇರೆ ದಿನ ಹೋಗಿ, 1,748 ಮೀಟರಿನ ಬೆಟ್ಟ ಎಲ್ಲೂ ಓಡಿಹೋಗಲ್ಲ. ಅಸಲಿ ಐಡಿ ಕೈಯಲ್ಲಿರಲಿ. ಮೋಸ ಹೋಗಿದ್ರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ‘ದುಡ್ಡು ವಾಪಸ್ ಕೊಡ್ತೇನೆ ಅಣ್ಣ, ಕೊಡ್ತೇನೆ’ ಅನ್ನೋ ಅವನ ಮಾತು ನಂಬಿ ಎರಡು ದಿನ ಕಳೆದೆ, ಆಮೇಲೆ ಬ್ಲಾಕ್ ಮಾಡಿದ.

ಇವತ್ತು ಬೆಳಿಗ್ಗೆ ನೆಂಟರ ಫೋನಿನಲ್ಲಿ ಅವನ ಸ್ಟೇಟಸ್ ನೋಡ್ದೆ: ‘ತಡಿಯಂಡಮೋಳ್, ಈ ಶನಿವಾರ, 4 ಸೀಟು ಮಾತ್ರ.’