ಕಿವಿ ಮಷೀನು ಹಾಕಿ ಮೂರು ತಿಂಗಳು: ನನ್ನ ವರದಿ

ಮಷೀನು ಕಿವಿಯ ಹಿಂದೆ ಕೂರುತ್ತದೆ. ಸಣ್ಣ ತಂತಿಯ ತುದಿಯಲ್ಲಿರುವ ಸ್ಪೀಕರ್ ಕಿವಿಯೊಳಗೆ ಹೋಗುತ್ತದೆ. ಎರಡೂ ಕಿವಿಗೆ ಒಂದೊಂದು. ಕಂಪನಿ ಹೆಸರು ಹೇಳುವುದಿಲ್ಲ. ನನ್ನ ಹೊಗಳಿಕೆ, ದೂರು ಎರಡೂ ಈ ಜಾತಿಯ ಮಷೀನುಗಳಿಗೆಲ್ಲ ಹೆಚ್ಚುಕಮ್ಮಿ ಹೊಂದುತ್ತವೆ.

ನನ್ನದು ವಯಸ್ಸಿನ ಕಿವುಡು. ಇದರಲ್ಲಿ ಮೊದಲು ಕೈಕೊಡುವುದು ಕೀರಲು ಸದ್ದುಗಳು. ಮಾತು ಕೇಳುತ್ತದೆ, ಅಕ್ಷರ ಕೇಳುವುದಿಲ್ಲ. ಸ, ಶ, ತ, ಪ ಎಲ್ಲ ಉದುರಿ ಹೋಗುತ್ತವೆ. ಮೊಮ್ಮಗಳು ‘ಸಾಕು’ ಅಂದರೆ ನಾನು ‘ಹಾಕು’ ಅಂದುಕೊಂಡು ಇನ್ನಷ್ಟು ಬಡಿಸುತ್ತಿದ್ದೆ.

ಮೊದಲ ವಾರ ನರಕ. ಪೇಪರ್ ಮಗುಚಿದರೆ ತಗಡು ಬಗ್ಗಿಸಿದ ಹಾಗೆ. ನನ್ನ ದನಿ ನನಗೇ ಕೊಡದೊಳಗಿಂದ ಬಂದ ಹಾಗೆ. ಕಿವಿ ಪರೀಕ್ಷಿಸಿ ಮಷೀನು ಹೊಂದಿಸುವ ಆಡಿಯಾಲಜಿಸ್ಟ್ ಮುಚ್ಚಿದ ರಬ್ಬರ್ ತುದಿ ತೆಗೆದು ತೂತಿರುವುದನ್ನು ಹಾಕಿದ ಮೇಲೆ ಅದು ಸರಿಹೋಯಿತು. ಆದರೆ ಇನ್ನೊಂದು ಫಜೀತಿ ಉಳಿಯಿತು. ಎಲ್ಲಿಂದಲೋ ‘ಸ್ಸ್ಸ್’ ಅನ್ನುತ್ತಿತ್ತು. ಏನದು? ಎದ್ದು ಹೋಗಿ ನೋಡಿದರೆ ನಲ್ಲಿ. ಇನ್ನೊಂದು ಸಲ ‘ಕಿರ್ರ್’. ಮನೆಯೆಲ್ಲ ಹುಡುಕಿದೆ. ಕೊನೆಗೆ ನೋಡಿದರೆ ನನ್ನ ಕನ್ನಡಕದ ಕಡ್ಡಿಯೇ ಮಷೀನಿಗೆ ಉಜ್ಜುತ್ತಿತ್ತು!

ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿದವಳು. ಐರ್ಲೆಂಡಿನ ತತ್ವಜ್ಞಾನಿ ಬರ್ಕ್ಲಿ 1713ರಲ್ಲಿ ಒಂದು ಉದಾಹರಣೆ ಕೊಟ್ಟ. ಬೀದಿಯಲ್ಲಿ ಕುದುರೆಗಾಡಿ ಹೋಗುತ್ತಿದೆ. ನಮಗೆ ನೇರವಾಗಿ ಕೇಳುವುದು ಬರೀ ಸದ್ದು. ಅದು ಗಾಡಿ ಅನ್ನುವುದು ಹಿಂದಿನ ಅನುಭವದಿಂದ ಕೂಡಿಸಿಕೊಂಡದ್ದು. 1927ರಲ್ಲಿ ಜರ್ಮನಿಯ ತತ್ವಜ್ಞಾನಿ ಹೈಡೆಗರ್ ಇದನ್ನು ತಿರುಗಿಸಿ ಹಾಕಿದ. ಮೊದಲು ಕೇಳುವುದೇ ಕಿರುಗುಡುವ ಗಾಡಿ, ಮೋಟಾರ್ ಸೈಕಲ್ಲು. ಬರೀ ಸದ್ದನ್ನು ಕೇಳಿಸಿಕೊಳ್ಳಬೇಕಾದರೆ ಬೇಕಂತಲೇ ಕಷ್ಟಪಡಬೇಕು ಅಂದ. ಹತ್ತು ಅಂಕದ ಪ್ರಶ್ನೆಯಾಗಿ ಇದನ್ನು ಎಷ್ಟು ಸಲ ಕೊಟ್ಟಿದ್ದೇನೋ. ನನಗೇ ಪರೀಕ್ಷೆ ಕಾದಿದೆ ಅಂತ ಗೊತ್ತಿರಲಿಲ್ಲ.

ಮೊದಲ ವಾರ ಬರ್ಕ್ಲಿಯೇ ಗೆದ್ದಿದ್ದ. ಮೊದಲು ಸದ್ದು, ಆಮೇಲೆ ಊಹೆ. ಮೂರನೇ ವಾರ ಒಂದು ರಾತ್ರಿ ಸುಮ್ನೆ ಎದ್ದು ಹೋಗಿ ನಲ್ಲಿ ಬಿಗಿ ಮಾಡಿ ಬಂದೆ. ವಾಪಸ್ ಮಲಗಿದ ಮೇಲೆ ಹೊಳೆಯಿತು: ಈ ಸಲ ನಾನು ಏನನ್ನೂ ಊಹಿಸಲೇ ಇಲ್ಲ. ನಲ್ಲಿ ತೊಟ್ಟಿಕ್ಕುವುದೇ ಕೇಳಿತ್ತು. ಹಾಗಂತ ಮಷೀನು ಮಧ್ಯದಿಂದ ಎದ್ದು ಹೋಗಿರಲಿಲ್ಲ. ಮೈಕು ಹಿಡಿದ ಸದ್ದನ್ನು ಅದು ಅಂಕಿಗಳಾಗಿ ಮಾಡಿ, ಬೇಕಾದ್ದನ್ನು ಏರಿಸಿ, ಕೆಲವು ಮಿಲಿಸೆಕೆಂಡಿನಲ್ಲಿ ಹೊಸ ಸದ್ದನ್ನೇ ತಯಾರಿಸುತ್ತದೆ. ಮಧ್ಯೆ ಇಷ್ಟೆಲ್ಲ ಇದ್ದ ಮೇಲೆ ನಿನಗೆ ಸಿಗುವುದು ನಕಲು ಮಾತ್ರ ಅನ್ನುತ್ತಾರೆ ಪರೋಕ್ಷವಾದಿಗಳು. ಹಾಗಾದರೆ ಮಷೀನಿಲ್ಲದವರಿಗೂ ಕಿವಿಯ ತಮಟೆ, ಮೂರು ಪುಟ್ಟ ಮೂಳೆ, ದ್ರವ, ನರ ಎಲ್ಲ ಮಧ್ಯೆ ಇಲ್ವಾ? ನನಗೆ ಒಂದು ಕೊಂಡಿ ಜಾಸ್ತಿ, ಅಷ್ಟೇ. ಸದ್ದು ಬಂದ ದಾರಿ ಬೇರೆ, ಕೇಳಿದ್ದು ಏನು ಅನ್ನುವುದು ಬೇರೆ.

ಹೀಗೆ ಬೀಗುತ್ತಿದ್ದಾಗಲೇ ಕೊಳಲಿನ ಪ್ರಸಂಗ ನಡೆಯಿತು. ಮೊಮ್ಮಗಳು ಅಭ್ಯಾಸ ಮಾಡುತ್ತಿದ್ದಳು. ಒಂದೊಂದು ಉದ್ದನೆಯ ಸ್ವರದ ಬಾಲಕ್ಕೂ ಒಂದು ನಡುಕ. “ಉಸಿರು ಅಲ್ಲಾಡ್ತಿದೆ, ನೆಟ್ಟಗೆ ಊದು” ಅಂದೆ. ಮತ್ತೆ ಊದಿದಳು, ಮತ್ತೆ ನಡುಕ. ಮತ್ತೆ ಬೈದೆ. “ಅಜ್ಜಿ, ನಾನು ಸರಿಯಾಗೇ ಊದ್ತಿದ್ದೀನಿ” ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಮಷೀನು ತೆಗೆದು ಕೇಳಿದೆ. ಮೆಲ್ಲಗೆ ಕೇಳಿತು, ಆದರೆ ಗೆರೆ ಎಳೆದ ಹಾಗೆ ನೆಟ್ಟಗಿತ್ತು.

ಕಾರಣ ಆಮೇಲೆ ತಿಳಿಯಿತು. ಸ್ಪೀಕರಿನ ಸದ್ದು ಸೋರಿ ಮೈಕಿಗೆ ಹೋದರೆ ಮಷೀನು ಕುಯ್ ಅನ್ನುತ್ತದೆ. ಅದನ್ನು ತಡೆಯಲು ಒಳಗೊಬ್ಬ ಕಾವಲುಗಾರನಿದ್ದಾನೆ. ಒಂದೇ ಸಮನೆ ಬರುವ ಸ್ವರ ಕಂಡರೆ ಸಾಕು, ಅದನ್ನು ಅಳಿಸಲು ಎದುರು ಸದ್ದು ಹೊರಡಿಸುತ್ತಾನೆ. ಕೊಳಲನ್ನೂ ಕುಯ್ ಅಂದುಕೊಂಡ. ನಾನು ಕೇಳಿದ ನಡುಕ ಅವನದು.

ಪರೋಕ್ಷವಾದಿಗಳ ಬ್ರಹ್ಮಾಸ್ತ್ರ ಇದೇ ಅಲ್ವಾ? ಇಲ್ಲದ ನಡುಕ, ಇದ್ದ ಸ್ವರ ಎರಡೂ ನನಗೆ ಒಂದೇ ಥರ ಕೇಳಿದವು. ಹಾಗಾದರೆ ಎರಡು ಸಲವೂ ಕೇಳಿದ್ದು ಮನಸ್ಸಿನ ಒಳಗಿನದನ್ನೇ ಅನ್ನುತ್ತಾರೆ. ಅರ್ಧ ಅಂಕ ಕೊಡುತ್ತೇನೆ. ಪೂರ್ತಿ ಕೊಡದಿರುವುದಕ್ಕೆ ಕಾರಣ, ತಪ್ಪು ಗೊತ್ತಾದದ್ದೂ ಕೊಳಲನ್ನು ಕೇಳಿಯೇ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಆ ಪ್ರಮಾಣಕ್ಕೂ ಇನ್ನೊಮ್ಮೆ ಕಿವಿ ಕೊಡಬೇಕು ತಾನೇ? ಮೊಮ್ಮಗಳ ಹತ್ತಿರ ತಪ್ಪಾಯ್ತು ಅಂದೆ.

ಕೊಳ್ಳುವವರಿಗೆ ಎರಡು ಮಾತು. ಸಂಗೀತ ಕೇಳಲೆಂದೇ ಮಷೀನಿನಲ್ಲಿ ಬೇರೆ ಸೆಟ್ಟಿಂಗ್ (ಪ್ರೋಗ್ರಾಂ) ಹಾಕಿಸಿಕೊಳ್ಳಿ, ನಾವಾಗಿ ವಿಚಾರಿಸದಿದ್ದರೆ ಯಾರೂ ಹೇಳುವುದಿಲ್ಲ. ಬ್ಯಾಟರಿಯ ಸ್ಟಿಕರ್ ಕಿತ್ತರೆ ಗಾಳಿ ಒಳಗೆ ಹೋಗಿ ಅದು ಕೆಲಸ ಶುರು ಮಾಡುತ್ತದೆ, ಬೇಕಾದಾಗ ಮಾತ್ರ ಕೀಳಿ. ಗದ್ದಲದಲ್ಲಿ ಪರವಾಗಿಲ್ಲ, ಎದುರು ಕೂತವರ ಮಾತು ಹಿಡಿಯುತ್ತದೆ. ಗಾಳಿ ಬೀಸಿದರೆ ಮಾತ್ರ ಕಷ್ಟ. ಮೈಕಿನ ಮೇಲೆ ದಬದಬ ಬಡಿಯುತ್ತದೆ. ಆಗ ನನಗೆ ಕೇಳುವುದು ಗಾಳಿಯಲ್ಲ, ಮಷೀನೇ. ನನ್ನ ರೇಟಿಂಗಿನಲ್ಲಿ ಒಂದು ಸ್ಟಾರ್ ಕಳೆದಿರುವುದು ಅದಕ್ಕೆ.