ಕೆಪ್ಲರನ ‘ಆಸ್ಟ್ರೊನೋಮಿಯಾ ನೋವಾ’: ಅಡ್ಡದಾರಿಗಳನ್ನೂ ಬಿಡದ ಅನುವಾದ

ಜರ್ಮನ್ ಖಗೋಳವಿಜ್ಞಾನಿ ಯೊಹಾನೆಸ್ ಕೆಪ್ಲರನು 1609ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ‘ಆಸ್ಟ್ರೊನೋಮಿಯಾ ನೋವಾ’ (‘ಹೊಸ ಖಗೋಳಶಾಸ್ತ್ರ’) ಗ್ರಂಥದ ಪೀಠಿಕೆಯ ಒಂದು ಭಾಗ 17ನೆಯ ಶತಮಾನದಲ್ಲೇ ಇಂಗ್ಲಿಷಿಗೆ ಬಂದಿತ್ತಾದರೂ, ಇಡೀ ಗ್ರಂಥ ಆ ಭಾಷೆಯಲ್ಲಿ ದೊರೆತದ್ದು 1992ರಲ್ಲಿ. ವಿಲಿಯಂ ಡೊನಾಹ್ಯೂ ಅವರ ಆ ಅನುವಾದವನ್ನು ಮೊದಲು ಕೇಂಬ್ರಿಜ್ ಹೊರತಂದಿತ್ತು. ನಾನು ಓದಿದ್ದು ಗ್ರೀನ್ ಲಯನ್ ಪ್ರೆಸ್‌ನ 2015ರ ಪರಿಷ್ಕೃತ ಆವೃತ್ತಿ.

ಗ್ರಹಗಳು ದೀರ್ಘವೃತ್ತದಲ್ಲಿ ಚಲಿಸುತ್ತವೆಂದು ತಿಳಿಯುವುದಷ್ಟೇ ಉದ್ದೇಶವಾಗಿದ್ದರೆ ಪಠ್ಯಪುಸ್ತಕದ ಒಂದು ಪುಟ ಸಾಕು. ಈ ಗ್ರಂಥದ ಸ್ವಾರಸ್ಯವಿರುವುದು, ಡೆನ್ಮಾರ್ಕಿನ ಖಗೋಳವಿಜ್ಞಾನಿ ಟೈಕೋ ಬ್ರಾಹೆಯ ಮಂಗಳಗ್ರಹದ ವೀಕ್ಷಣೆಗಳನ್ನು ಮುಂದಿಟ್ಟುಕೊಂಡು ಕೆಪ್ಲರನು ತಪ್ಪು ದಾರಿಗಳಲ್ಲೂ ಓದುಗನನ್ನು ಕೈಹಿಡಿದು ನಡೆಸುವುದರಲ್ಲಿ. ಲೆಕ್ಕದಿಂದ ಬೇಸತ್ತವರು ಅದನ್ನು ಕನಿಷ್ಠ 70 ಬಾರಿ ಮಾಡಿದ ತನ್ನ ಮೇಲೆ ಕನಿಕರ ತೋರಲೆಂದು 16ನೆಯ ಅಧ್ಯಾಯದಲ್ಲಿ ಕೇಳಿಕೊಳ್ಳುವ ಅವನೇ, ಅಷ್ಟು ಶ್ರಮದಿಂದ ಕಟ್ಟಿದ ಮಾದರಿ ಹುಣ್ಣಿಮೆಯ ಚಂದ್ರಬಿಂಬದ ಅಗಲದ ಸುಮಾರು ಕಾಲು ಭಾಗದಷ್ಟು, ಎಂದರೆ 8 ಕಲೆಗಳಷ್ಟು (ಒಂದು ಕಲೆ ಡಿಗ್ರಿಯ ಅರವತ್ತನೆಯ ಒಂದು ಭಾಗ), ವೀಕ್ಷಣೆಯಿಂದ ದೂರ ಸರಿಯಬಹುದೆಂಬ ಕಾರಣಕ್ಕೆ ಅದು ನಿಜವಲ್ಲವೆಂದು 19ನೆಯ ಅಧ್ಯಾಯದಲ್ಲಿ ತಳ್ಳಿಹಾಕುತ್ತಾನೆ.

ಅನುವಾದಕರು ಈ ಏರಿಳಿತಗಳನ್ನು ನಯಗೊಳಿಸಲು ಹೋಗಿಲ್ಲ. ಲೆಕ್ಕಗಳನ್ನು ತಾವೇ ಮತ್ತೆ ಮಾಡಿ ನೋಡಿ, ಮೂಲದಲ್ಲಿ ಕೆಪ್ಲರನು ಎಡವಿದ ಕಡೆಗಳನ್ನು ಅಡಿಟಿಪ್ಪಣಿಯಲ್ಲಿ ಸೂಚಿಸಿದ್ದಾರೆ. ಇದು ಬರಿಯ ಶಿಸ್ತಿನ ಮಾತಲ್ಲ. 53ನೆಯ ಅಧ್ಯಾಯದಲ್ಲಿ ವೀಕ್ಷಣೆಯಿಂದ ಪಡೆದವೆಂದು ಕೊಟ್ಟಿರುವ ದೂರಗಳು ವಾಸ್ತವವಾಗಿ ದೀರ್ಘವೃತ್ತದ ಸಿದ್ಧಾಂತದಿಂದಲೇ ಗಣಿಸಿದವೆಂಬುದನ್ನು ಡೊನಾಹ್ಯೂ ಕಂಡುಕೊಂಡದ್ದು ಈ ಅನುವಾದದ ಕೆಲಸದ ನಡುವೆಯೇ. 1988ರಲ್ಲಿ ಅದನ್ನು ಲೇಖನವಾಗಿಯೂ ಪ್ರಕಟಿಸಿದರು. ತಾನು ಮೆಚ್ಚಿದ ಗ್ರಂಥಕರ್ತನ ವಿಷಯದಲ್ಲೂ ಇಷ್ಟು ನಿಷ್ಠುರನಾಗಿರುವ ಅನುವಾದಕ ಅಪರೂಪ.

ಟೈಕೋನ ಅಳಿಯ ಟೆಂಗ್ನಾಗೆಲ್‌ನ ಕಿರು ಮುನ್ನುಡಿಯನ್ನೂ ಓದದೆ ಬಿಡಬಾರದು. ವೀಕ್ಷಣೆಗಳ ಮೇಲಿನ ಹಕ್ಕಿಗಾಗಿ ವಾರಸುದಾರರು ಹೂಡಿದ ತಗಾದೆಯಿಂದ ಮುದ್ರಣ ವರ್ಷಗಟ್ಟಲೆ ತಡವಾಯಿತು. ಕೊನೆಗೆ, ಕೆಪ್ಲರನು ಟೈಕೋನ ಅಭಿಪ್ರಾಯಗಳಿಂದ ಸರಿದದ್ದಕ್ಕೆ ಓದುಗರು ವಿಚಲಿತರಾಗಬಾರದೆಂಬ ಎಚ್ಚರಿಕೆ ಅವನದೇ ಪುಸ್ತಕದಲ್ಲಿ ಅಚ್ಚಾಯಿತು!

ಗ್ರಂಥ ಸುಲಭವಲ್ಲ. ಪ್ರಾಚೀನ ಖಗೋಳಜ್ಞ ಟಾಲೆಮಿಯ ಗಣಿತ ಮಾದರಿಗಳ ಪರಿಚಯವಿಲ್ಲದವರು ಮೊದಲ ಭಾಗದಲ್ಲೇ ಸೋಲುವ ಸಂಭವವಿದೆ, ಅದಕ್ಕೆ ಅನುವಾದಕರ ಪ್ರಸ್ತಾವನೆ ಮತ್ತು ಪದಕೋಶ ಸಾಲುವುದಿಲ್ಲ. ಅಂಥವರು ಇದೇ ಅನುವಾದಕರು ಇದೇ ಪ್ರಕಾಶನದಿಂದ ತಂದಿರುವ ಆಯ್ದ ಭಾಗಗಳ ಸಣ್ಣ ಸಂಪುಟವನ್ನು ಮೊದಲು ಓದುವುದು ಲೇಸು. ಕಾಗದ, ಕೈವಾರ ಹಿಡಿದು ಕೂರುವ ವ್ಯವಧಾನ ಇರುವವರು ಪೂರ್ಣಗ್ರಂಥವನ್ನೇ ಕೊಳ್ಳಲಿ.